36 ಸಾವಿರದ ಫೋನಲ್ಲಿ ಮಂಜು ಮಂಜು, 12 ಸಾವಿರದ ಫೋನಲ್ಲಿ ಕನ್ನಡಿ. ಇದೇನು ಲೆಕ್ಕ?

ಗಿರಿನಗರ_ಗಿರಾಕಿ

ಎಲ್ಲರಿಗೂ ನಮಸ್ಕಾರ. ಮೂರು ದಿನದಿಂದ ತಲೆ ಕೆಟ್ಟಿದೆ, ಗೊತ್ತಿರುವವರು ಸ್ವಲ್ಪ ಹೇಳಿ.

ನನ್ನ ಹಳೆಯ ಫೋನನ್ನು ಅಪ್ಪನಿಗೆ ಕೊಟ್ಟಿದ್ದೇನೆ. ಕೊಂಡಾಗ ಅದಕ್ಕೆ 36 ಸಾವಿರ, ಫುಲ್ ಎಚ್‌ಡಿ ಅಮೊಲೆಡ್ ಪರದೆ, ಆಗ ಎಲ್ಲರೂ ಹೊಗಳಿದ್ದ ಪ್ರೊಸೆಸರ್. ಅದರಲ್ಲಿ ಒಂದು ಒಟಿಟಿ ಆಪ್ ತೆರೆದು ಸಿನಿಮಾ ಹಾಕಿದರೆ ಮುಖಗಳೆಲ್ಲ ಮಸುಕು. ಅಪ್ಪ ಮೊದಲು ತಮ್ಮ ಕಣ್ಣಿಗೇ ಪೊರೆ ಬಂದಿದೆ ಅಂದುಕೊಂಡು ಡಾಕ್ಟರ ಹತ್ತಿರ ಹೋಗೋಣ ಅಂತ ಶುರು ಮಾಡಿದರು. ಆಮೇಲೆ ತಂಗಿಯ ಫೋನನ್ನು ಪಕ್ಕದಲ್ಲಿಟ್ಟು ನೋಡಿದೆವು. ಅವಳದ್ದು 12 ಸಾವಿರದ್ದು. ಅದೇ ವೈಫೈ, ಅದೇ ಅಕೌಂಟ್, ಅದೇ ಸಿನಿಮಾ, ಅದೇ ದೃಶ್ಯ. ಅವಳ ಫೋನಲ್ಲಿ ಗಡ್ಡದ ಒಂದೊಂದು ಕೂದಲೂ ಕಾಣುತ್ತದೆ. ಅಪ್ಪನ ಫೋನಲ್ಲಿ ಗಡ್ಡ ಅಂದರೆ ಕಪ್ಪು ಬಣ್ಣ ಬಳಿದ ಹಾಗೆ.

ಆಪ್ ತೆಗೆದು ಮತ್ತೆ ಹಾಕಿದೆ, ಫೋನ್ ರೀಸ್ಟಾರ್ಟ್ ಮಾಡಿದೆ, ರೂಟರ್ ಪಕ್ಕದಲ್ಲೇ ಕೂತು ನೋಡಿದೆ. ಏನೂ ಬದಲಾಗಲಿಲ್ಲ.

ಬನಶಂಕರಿ_3ನೇ_ಹಂತ

ನೆಟ್ ಸ್ಲೋ ಇರುತ್ತೆ ಗುರು. ಸಂಜೆ ಹೊತ್ತು ನಮ್ಮ ಕಡೆಯೂ ಹಾಗೇ.

ಗಿರಿನಗರ_ಗಿರಾಕಿ

ಎರಡು ಫೋನೂ ಒಂದೇ ಟೇಬಲ್ ಮೇಲೆ ಇವೆ ಸಾರ್. ಅವಳದ್ದಕ್ಕೆ ಬರುವ ನೆಟ್ ಇದಕ್ಕೆ ಯಾಕೆ ಬರಲ್ಲ? ಸ್ಪೀಡ್ ಟೆಸ್ಟ್ ಮಾಡಿದರೆ ಎರಡರಲ್ಲೂ 80ರ ಮೇಲೆ ಇದೆ.

ಫಿಲ್ಟರ್_ಕಾಫಿ_ಬೈಟು

ನೆಟ್ ಅಲ್ಲ ಬಿಡಿ. ಫುಲ್ ಎಚ್‌ಡಿಗೆ 5 ಎಂಬಿಪಿಎಸ್ ಸಾಕು ಅಂತ ನೆಟ್‌ಫ್ಲಿಕ್ಸ್‌ನವರೇ ಹೇಳುತ್ತಾರೆ, 4ಕೆಗೆ 15. 80 ಇರುವ ಕಡೆ ಆ ಮಾತೇ ಬೇಡ.

ಪ್ಲಾನ್ ಯಾವುದು ನೋಡಿ ಮೊದಲು. ಮೊಬೈಲ್ ಪ್ಲಾನ್ ಆದರೆ 480ಪಿ (ಅಂದರೆ ಚಿತ್ರದಲ್ಲಿ 480 ಸಾಲು, ಫುಲ್ ಎಚ್‌ಡಿ ಅಂದರೆ 1080) ಮೇಲೆ ಹೋಗುವುದೇ ಇಲ್ಲ. ನೆಟ್‌ಫ್ಲಿಕ್ಸ್ 2019ರಲ್ಲಿ ನಮ್ಮಲ್ಲಿ 199 ರೂಪಾಯಿಗೆ ಅದನ್ನು ತಂದಿತ್ತು, 2021ರ ಡಿಸೆಂಬರಲ್ಲಿ 149 ಮಾಡಿದರು. ಬೆಲೆ ಇಳಿಯಿತು, ಆದರೆ ಚಿತ್ರ ಅಲ್ಲೇ ಉಳಿಯಿತು. ಎಷ್ಟೋ ಜನಕ್ಕೆ ಅದು ಗೊತ್ತೇ ಇಲ್ಲ, ಸುಮ್ನೆ ಫೋನಿಗೆ ಬೈಯುತ್ತಾರೆ.

ಗಿರಿನಗರ_ಗಿರಾಕಿ

ಪ್ಲಾನ್ ಫುಲ್ ಎಚ್‌ಡಿದೇ. ತಂಗಿಯ ಫೋನಲ್ಲಿ ಅದೇ ಅಕೌಂಟಲ್ಲಿ ಬರುತ್ತಿದೆ ಅಂದೆನಲ್ಲ.

ಒಂದು ವಿಚಿತ್ರ ಹೇಳಲು ಮರೆತೆ. ಅಪ್ಪನ ಫೋನಲ್ಲಿ ಯೂಟ್ಯೂಬ್ ಮಾತ್ರ ಸೂಪರ್. 1080ಪಿ ಹಾಕಿದರೆ ಕಣ್ಣಿಗೆ ಹಬ್ಬ. ಅಂದರೆ ಪರದೆ ಸರಿ ಇದೆ ಅಂತ ಆಯಿತು, ಅಲ್ವಾ?

ರಿಪೇರಿ_ಬೆಂಚು

ಅಣ್ಣ, ನೀವು ಮರೆತು ಕೊನೆಗೆ ಹೇಳಿದ್ದೇ ಮೊದಲು ಹೇಳಬೇಕಾಗಿದ್ದು. ಯೂಟ್ಯೂಬ್ ಸ್ವಚ್ಛ, ಒಟಿಟಿ ಮಸುಕು ಅಂದ ತಕ್ಷಣ ನನಗೆ ಗೊತ್ತಾಯಿತು. ಇದು ವೈಡ್‌ವೈನ್ ಕೆಲಸ.

ಯೂಟ್ಯೂಬಿನ ಮಾಮೂಲಿ ವಿಡಿಯೊಗಳಿಗೆ ಬೀಗ ಇರುವುದಿಲ್ಲ. ಒಟಿಟಿಯವರು ಕಳಿಸುವ ಸಿನಿಮಾ ಹಾಗಲ್ಲ, ಬೀಗ ಹಾಕಿಯೇ ಬರುತ್ತದೆ. ಆಂಡ್ರಾಯ್ಡ್ ಫೋನಲ್ಲಿ ಆ ಬೀಗ ತೆಗೆಯುವ ವ್ಯವಸ್ಥೆಗೆ ವೈಡ್‌ವೈನ್ ಅಂತ ಹೆಸರು, 2010ರಲ್ಲಿ ಗೂಗಲ್ ಕೊಂಡುಕೊಂಡ ಕಂಪನಿಯದ್ದು. ಅದರಲ್ಲಿ ಎಲ್1, ಎಲ್2, ಎಲ್3 ಅಂತ ಮಟ್ಟಗಳಿವೆ. ಫೋನಲ್ಲಿ ನೋಡಲು ಸಿಗುವುದು ಹೆಚ್ಚಾಗಿ ಎಲ್1 ಮತ್ತು ಎಲ್3.

ಎಲ್1 ಅಂದರೆ ಪ್ರೊಸೆಸರ್ ಒಳಗೆ ಒಂದು ಬೇರೆಯದೇ ಭದ್ರ ಕೋಣೆ ಇರುತ್ತದೆ, ಬೀಗ ತೆಗೆಯುವುದೂ ಅಲ್ಲೇ, ವಿಡಿಯೊ ಬಿಚ್ಚುವುದೂ ಅಲ್ಲೇ. ಹೊರಗಿನ ಆಂಡ್ರಾಯ್ಡ್‌ಗೂ ಒಳಗೆ ಇಣುಕಲು ಬಿಡುವುದಿಲ್ಲ. ಎಲ್3 ಅಂದರೆ ಆ ಕೋಣೆಯ ಬಳಕೆ ಇಲ್ಲ, ಎಲ್ಲವೂ ಮಾಮೂಲಿ ಸಾಫ್ಟ್‌ವೇರಲ್ಲೇ, ನಡುಮನೆಯಲ್ಲಿ ಕೂತು ತಿಜೋರಿ ತೆಗೆದ ಹಾಗೆ. ನಿರ್ಮಾಪಕರಿಗೆ ಅದರ ಮೇಲೆ ನಂಬಿಕೆ ಇಲ್ಲ, ಅದಕ್ಕೇ ಎಲ್3 ಫೋನಿಗೆ 480ಪಿ ಕೊಟ್ಟು ಸಾಗಹಾಕುತ್ತಾರೆ. ಭಯಕ್ಕೆ ಕಾರಣವೂ ಇದೆ. 2019ರ ಜನವರಿಯಲ್ಲಿ ಡೇವಿಡ್ ಬ್ಯೂಕನನ್ ಅನ್ನುವ ಸಂಶೋಧಕರು ಎಲ್3 ಬೀಗ ಮುರಿದಿದ್ದೇನೆ ಅಂತ ಬಹಿರಂಗವಾಗಿಯೇ ಹೇಳಿದ್ದರು.

ಪ್ಲೇ ಸ್ಟೋರಲ್ಲಿ ಡಿಆರ್‌ಎಂ ಇನ್ಫೋ ಅಂತ ಸಣ್ಣ ಆಪ್ ಸಿಗುತ್ತದೆ. ಹಾಕಿ, ವೈಡ್‌ವೈನ್ ಅನ್ನುವ ಕಡೆ ಸೆಕ್ಯುರಿಟಿ ಲೆವೆಲ್ ಏನಿದೆ ನೋಡಿ ಹೇಳಿ.

ಗಿರಿನಗರ_ಗಿರಾಕಿ

ಹಾಕಿದೆ. ಅಪ್ಪನದ್ದು ಎಲ್3. ತಂಗಿಯದ್ದು ಎಲ್1.

ಉರಿದು ಹೋಯಿತು ನನಗೆ. 12 ಸಾವಿರದ ಫೋನಿಗೆ ಕೋಣೆ ಇದೆ, 36 ಸಾವಿರದ್ದಕ್ಕೆ ಇಲ್ವಾ? ಪೆಟ್ಟಿಗೆ ಮೇಲೆ ಇದನ್ನು ಎಲ್ಲೂ ಬರೆಯಲ್ಲ. ಮೆಗಾಪಿಕ್ಸೆಲ್ ಮಾತ್ರ ದಪ್ಪಕ್ಷರದಲ್ಲಿ ಬರೆಯುತ್ತಾರೆ.

ಕಡ್ಲೆಕಾಯಿ_ಪರಿಷೆ

ನಿಮ್ಮೊಬ್ಬರದ್ದೇ ಅಲ್ಲ ಈ ಕಥೆ. 2017ರಲ್ಲಿ ಒನ್‌ಪ್ಲಸ್ 5 ಮತ್ತು 5ಟಿ ಬಂದಾಗ ಎರಡೂ ಎಲ್3. ಆಮೇಲೆ ಕಂಪನಿ ಎಲ್1 ಕೊಡುತ್ತೇವೆ ಅಂದಿತು, ಆದರೆ ಮಾಮೂಲಿ ಅಪ್‌ಡೇಟಲ್ಲಿ ಕಳಿಸಲು ಆಗುವುದಿಲ್ಲ, ಫೋನನ್ನೇ ನಮಗೆ ಕಳಿಸಿ ಅಂದರು. ಸಿನಿಮಾ ಚೆನ್ನಾಗಿ ಕಾಣಲಿ ಅಂತ ಯಾರು ಫೋನ್ ಬಿಟ್ಟು ಇರುತ್ತಾರೆ? 2018ರ ಪೊಕೊ ಎಫ್1 ಇನ್ನೊಂದು. ಸ್ನಾಪ್‌ಡ್ರ್ಯಾಗನ್ 845 ಹಾಕಿದ್ದರು, ಬೆಲೆ ನೋಡಿ ಜನ ಮುಗಿಬಿದ್ದರು, ತಂದು ನೋಡಿದರೆ ಎಲ್3. ಅದಕ್ಕೆ ಎಲ್1 ಬಂದಿದ್ದು 2019ರಲ್ಲಿ, ಅಪ್‌ಡೇಟ್ ಮೂಲಕ.

ಚಿಪ್ಪಲ್ಲಿ ಶಕ್ತಿ ಇದ್ದರೆ ಸಾಲದು ಅಂತ ನಮಗೆಲ್ಲ ಗೊತ್ತಾಗಿದ್ದೇ ಆಗ. ಕೀಲಿ ಹಾಕಿಸಬೇಕು, ಸರ್ಟಿಫಿಕೇಟ್ ಮಾಡಿಸಬೇಕು. ಅಷ್ಟೇ ಅಲ್ಲ, ಕೆಲವು ಆಪ್‌ಗಳು ಎಲ್1 ಇದ್ದರೂ ಈ ಮಾಡೆಲ್ ನಮ್ಮ ಪಟ್ಟಿಯಲ್ಲಿದೆಯಾ ಅಂತ ಬೇರೆ ನೋಡುತ್ತವೆ.

ರಿಪೇರಿ_ಬೆಂಚು

ಗಿರಾಕಿ ಅವರೇ, ಉರಿದುಕೊಳ್ಳುವ ಮುಂಚೆ ಒಂದು ಪ್ರಶ್ನೆ. ಫೋನ್ ನಿಮ್ಮ ಹತ್ತಿರ ಇದ್ದಾಗ ಚೆನ್ನಾಗಿ ಬರುತ್ತಿತ್ತಾ?

ಗಿರಿನಗರ_ಗಿರಾಕಿ

ಹೌದು, ಬರುತ್ತಿತ್ತು. ಕರೋನಾ ಹೊತ್ತಲ್ಲಿ ದಿನಕ್ಕೆ ಎರಡು ಸಿನಿಮಾ ನೋಡಿದ್ದೇನೆ ಅದರಲ್ಲಿ.

ಫಿಲ್ಟರ್_ಕಾಫಿ_ಬೈಟು

ಕರೋನಾ ಹೊತ್ತಿನ ಶುರುವಿನಲ್ಲಿ ಎಲ್ಲರಿಗೂ 480ಪಿ ಭಾಗ್ಯ ಇತ್ತು, ನೆನಪಿದೆಯಾ? 2020ರ ಮಾರ್ಚಲ್ಲಿ ಲಾಕ್‌ಡೌನ್ ಅಂದ ಕೂಡಲೇ ನೆಟ್‌ವರ್ಕ್ ಮೇಲೆ ಭಾರ ಜಾಸ್ತಿ ಆಗುತ್ತೆ ಅಂತ ಒಟಿಟಿಯವರೆಲ್ಲ ಸೇರಿ ಮೊಬೈಲ್ ಡೇಟಾದಲ್ಲಿ ಏಪ್ರಿಲ್ 14ರವರೆಗೆ ಎಚ್‌ಡಿ ನಿಲ್ಲಿಸಿದ್ದರು. ವೈಫೈ ಇದ್ದವರು ರಾಜರು. ಪಿಜಿಯಲ್ಲಿ ಸಿಕ್ಕಿಹಾಕಿಕೊಂಡಿದ್ದ ನಮ್ಮಂಥವರ ಪಾಡು ಕೇಳಬೇಡಿ.

ಪರ್ಪಲ್_ಲೈನ್_ಪಯಣಿಗ

ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನನ್ನದು ಉಲ್ಟಾ ತೊಂದರೆ. ಚಿತ್ರ ಚೆನ್ನಾಗಿದೆ, ಫೋನ್ ದೋಸೆ ಕಾವಲಿ. ದಿನಾ ಕೆಂಗೇರಿಯಿಂದ ವೈಟ್‌ಫೀಲ್ಡ್‌ಗೆ ಮೆಟ್ರೊ, ಒಂದು ಗಂಟೆ ಮೇಲೆ ಯೂಟ್ಯೂಬ್. ಮೊದಲು ಇಷ್ಟು ಬಿಸಿ ಆಗುತ್ತಿರಲಿಲ್ಲ. ಫೋನ್ 2021ರದ್ದು, ಮಧ್ಯಮ ಬೆಲೆಯದು. ಇದಕ್ಕೂ ಈ ಎಲ್1, ಎಲ್3ಗೂ ಸಂಬಂಧ ಇದೆಯಾ?

ಕೋಡೆಕ್_ಕೃಷ್ಣಲೀಲೆ

ಇಲ್ಲ, ಇದು ಕೋಡೆಕ್ ಕಥೆ. ನನಗೆ ಇಷ್ಟವಾದ ವಿಷಯ, ಸ್ವಲ್ಪ ಉದ್ದ ಆಗುತ್ತದೆ.

ಕೋಡೆಕ್ ಅಂದರೆ ಹಾಸಿಗೆ ಸುತ್ತಿ ಹೋಲ್ಡಾಲಲ್ಲಿ ಕಟ್ಟುವ ಹಾಗೆ ವಿಡಿಯೊ ಕಟ್ಟುವ ವಿಧಾನ ಅಂದುಕೊಳ್ಳಿ. ಬಿಗಿಯಾಗಿ ಕಟ್ಟಿದಷ್ಟೂ ಡೇಟಾ ಕಡಿಮೆ, ಆದರೆ ಬಿಚ್ಚುವವನಿಗೆ ಕೆಲಸ ಜಾಸ್ತಿ. ಎಚ್.264 ಅನ್ನುವುದು 2003ರದ್ದು, ಇವತ್ತಿಗೂ ಎಲ್ಲ ಫೋನಲ್ಲೂ ಓಡುತ್ತದೆ. 2013ರಲ್ಲಿ ಎಚ್‌ಇವಿಸಿ ಬಂತು, ಅದೇ ಚಿತ್ರವನ್ನು ಸುಮಾರು ಅರ್ಧ ಡೇಟಾದಲ್ಲಿ ಕಳಿಸಬಹುದು. ಆದರೆ ಪೇಟೆಂಟ್ ಗಲಾಟೆ. ಒಬ್ಬರಿಗೆ ರಾಯಲ್ಟಿ ಕೊಟ್ಟರೆ ಮುಗಿಯುವುದಿಲ್ಲ, ಇನ್ನೊಂದು ಗುಂಪು ಕೈ ಚಾಚುತ್ತದೆ. ಗೂಗಲ್‌ನವರು ತಮ್ಮದೇ ವಿಪಿ9 ಮಾಡಿಕೊಂಡರು. ಆಮೇಲೆ 2015ರಲ್ಲಿ ಗೂಗಲ್, ನೆಟ್‌ಫ್ಲಿಕ್ಸ್, ಅಮೆಜಾನ್, ಮೈಕ್ರೋಸಾಫ್ಟ್, ಇಂಟೆಲ್ ಎಲ್ಲ ಸೇರಿ ಒಂದು ಕೂಟ ಕಟ್ಟಿ 2018ರಲ್ಲಿ ಎವಿ1 ಹೊರಗೆ ತಂದರು. ರಾಯಲ್ಟಿ ಬೇಡ, ವಿಪಿ9ಗಿಂತಲೂ ಬಿಗಿ ಕಟ್ಟು.

ತೊಂದರೆ ಏನಪ್ಪಾ ಅಂದರೆ, ಈ ಗಂಟು ಬಿಚ್ಚಲು ಚಿಪ್ಪಲ್ಲೇ ಒಂದು ಸಣ್ಣ ಯಂತ್ರ ಇದ್ದರೆ ಬ್ಯಾಟರಿಗೆ ಗೊತ್ತೇ ಆಗುವುದಿಲ್ಲ. ಇಲ್ಲದಿದ್ದರೆ ಮುಖ್ಯ ಪ್ರೊಸೆಸರೇ ಕೂತು ಬಿಚ್ಚಬೇಕು. ಮೀಡಿಯಾಟೆಕ್‌ನವರು 2019ರಲ್ಲೇ ಡೈಮೆನ್ಸಿಟಿ 1000ದಲ್ಲಿ ಎವಿ1 ಯಂತ್ರ ಇಟ್ಟರು. ಗೂಗಲ್ ಪಿಕ್ಸೆಲ್ 6ರಲ್ಲಿ, ಅಂದರೆ 2021ರಲ್ಲಿ. ಸ್ನಾಪ್‌ಡ್ರ್ಯಾಗನ್‌ನಲ್ಲಿ ಬಂದಿದ್ದು 8 ಜೆನ್ 2ರಿಂದ, 2022ರ ಕೊನೆಗೆ. ಐಫೋನಿಗೆ 15 ಪ್ರೊ ತನಕ ಕಾಯಬೇಕಾಯಿತು, 2023. ಹಾಗಾಗಿ ನಿಮ್ಮ 2021ರ ಮಧ್ಯಮ ಬೆಲೆಯ ಫೋನಲ್ಲಿ ಅದು ಇಲ್ಲದಿರುವುದೇ ಹೆಚ್ಚು.

ಯೂಟ್ಯೂಬ್ ಸೆಟ್ಟಿಂಗ್ಸಲ್ಲಿ ಜನರಲ್ ಒಳಗೆ ಸ್ಟಾಟ್ಸ್ ಫಾರ್ ನರ್ಡ್ಸ್ ಆನ್ ಮಾಡಿ, ವಿಡಿಯೊ ಮೆನುವಿನಲ್ಲಿ ಅದನ್ನು ಒತ್ತಿ. ಕೋಡೆಕ್ ಎದುರಿಗೆ ಎವಿ01 ಅಂತ ಶುರುವಾದರೆ ಎವಿ1, ವಿಪಿ09 ಆದರೆ ವಿಪಿ9, ಎವಿಸಿ1 ಆದರೆ ಹಳೇ ಎಚ್.264.

ಪರ್ಪಲ್_ಲೈನ್_ಪಯಣಿಗ

ಎವಿ01 ಅಂತಲೇ ಇದೆ! ಫೋನಲ್ಲಿ ಯಂತ್ರ ಇಲ್ಲ ಅಂದರೆ ಯಾಕೆ ಕಳಿಸುತ್ತಾರೆ ಹಾಗಾದರೆ?

ಕೋಡೆಕ್_ಕೃಷ್ಣಲೀಲೆ

ಡೇವ್1ಡಿ ಅಂತ ಒಂದು ಸಾಫ್ಟ್‌ವೇರ್ ಡಿಕೋಡರ್ ಇದೆ, ವಿಎಲ್‌ಸಿ ಪ್ಲೇಯರ್ ಮಾಡಿದ ವಿಡಿಯೊಲ್ಯಾನ್‌ನವರದ್ದು. ಬಹಳ ಚುರುಕು. ನೆಟ್‌ಫ್ಲಿಕ್ಸ್ 2020ರಲ್ಲೇ ಅದನ್ನು ನಂಬಿ ಆಂಡ್ರಾಯ್ಡ್‌ಗೆ ಎವಿ1 ಕಳಿಸಲು ಶುರು ಮಾಡಿತು. 2024ರಲ್ಲಿ ಗೂಗಲ್ ಅದನ್ನು ಆಂಡ್ರಾಯ್ಡ್ 12 ಮತ್ತು ಮೇಲಿನ ಫೋನುಗಳಿಗೂ ಸಿಸ್ಟಮ್ ಅಪ್‌ಡೇಟಲ್ಲೇ ತಲುಪಿಸಿತು. ಕಳಿಸುವವರಿಗೆ ಡೇಟಾ ಉಳಿತಾಯ, ನಮಗೂ ಪ್ಯಾಕ್ ಉಳಿತಾಯ. ಬಿಚ್ಚುವ ಖರ್ಚು ಮಾತ್ರ ನಮ್ಮ ಬ್ಯಾಟರಿದು. 480ಪಿ ಅಥವಾ 720ಪಿಗೆ ಇಳಿಸಿ ನೋಡಿ, ಬಿಸಿ ಕಡಿಮೆ ಆಗುತ್ತದೆ.

ಬನಶಂಕರಿ_3ನೇ_ಹಂತ

ನಾನು ಒಪ್ಪಲ್ಲ. ನನ್ನ ಹಳೇ ಫೋನಲ್ಲೂ ಎವಿ1 ಓಡುತ್ತೆ, ಮನೆಯಲ್ಲಿ ವೈಫೈಯಲ್ಲಿ ಕೂತು ನೋಡಿದರೆ ಬೆಚ್ಚಗೂ ಆಗಲ್ಲ. ಅವರು ಮೆಟ್ರೊ ಅಂದರಲ್ಲ, ಅದನ್ನು ಹಿಡಿಯಿರಿ. ಸಿಟಿ ರೈಲ್ವೆ ಸ್ಟೇಷನ್ನಿಂದ ಕಬ್ಬನ್ ಪಾರ್ಕ್ ತನಕ ನೆಲದಡಿ ಹೋಗುತ್ತೆ. ಸಿಗ್ನಲ್ ಬಿದ್ದಾಗೆಲ್ಲ ಮೋಡೆಮ್ ಟವರ್ ಹುಡುಕುತ್ತಾ ಒದ್ದಾಡುತ್ತೆ. ಅದರ ಮೇಲೆ 5ಜಿ, ಅದರ ಮೇಲೆ ಬ್ರೈಟ್‌ನೆಸ್ ಫುಲ್. ಬಿಸಿ ಆಗದೆ ಏನು ತಣ್ಣಗಿರುತ್ತಾ?

ಕೋಡೆಕ್_ಕೃಷ್ಣಲೀಲೆ

ಅದೂ ಸರಿಯೇ. ಪಯಣಿಗರೇ, ಒಂದು ದಿನ ಮನೆಯಿಂದ ವಿಡಿಯೊ ಡೌನ್‌ಲೋಡ್ ಮಾಡಿಕೊಂಡು ಹೋಗಿ, ಏರೋಪ್ಲೇನ್ ಮೋಡಲ್ಲಿ ನೋಡಿ. ಆಗಲೂ ಬಿಸಿ ಆದರೆ ನಾನು ಗೆದ್ದೆ.

ಸಂಪಂಗಿರಾಮನಗರ_ಸಿಕ್ಸರ್

ಇಷ್ಟೆಲ್ಲ ಗೊತ್ತಿರುವವರು ಇದನ್ನೂ ಹೇಳಿ. ಕ್ರಿಕೆಟ್ ಲೈವ್ ಯಾಕೆ ಅಷ್ಟು ಹಿಂದೆ ಇರುತ್ತದೆ? ನಮ್ಮ ಮನೆ ಚಿನ್ನಸ್ವಾಮಿ ಸ್ಟೇಡಿಯಂ ಹತ್ತಿರ. ಕಿಟಕಿಯಿಂದ ಜನರ ಕೂಗು ಕೇಳುತ್ತದೆ, ಫೋನಲ್ಲಿ ಬೌಲರ್ ಇನ್ನೂ ಪ್ಯಾಂಟಿಗೆ ಬಾಲ್ ಉಜ್ಜುತ್ತಿರುತ್ತಾನೆ. ವಿಕೆಟ್ಟಾ ಸಿಕ್ಸಾ ಅಂತ ಕೂಗಿನ ಧಾಟಿಯಲ್ಲೇ ಕಂಡುಹಿಡಿಯುವುದನ್ನು ಕಲಿತಿದ್ದೇವೆ.

ಕೋಡೆಕ್_ಕೃಷ್ಣಲೀಲೆ

ಹಹ್ಹಾ. ಲೈವ್ ವಿಡಿಯೊವನ್ನು ಕೆಲವು ಸೆಕೆಂಡುಗಳ ತುಂಡು ಮಾಡಿ, ಪ್ರತಿ ತುಂಡನ್ನೂ ನಾಲ್ಕೈದು ಗಾತ್ರದಲ್ಲಿ ತಯಾರಿಸಿ ಇಡುತ್ತಾರೆ. ನಿಮ್ಮ ನೆಟ್ ನೋಡಿಕೊಂಡು ಫೋನ್ ಪ್ರತಿ ಸಲ ಒಂದು ಗಾತ್ರ ಆರಿಸಿಕೊಳ್ಳುತ್ತದೆ, ಅದಕ್ಕೇ ಮಧ್ಯೆ ಮಧ್ಯೆ ಮಸುಕಾಗಿ ಮತ್ತೆ ಸರಿಯಾಗುವುದು. ನಿಲ್ಲದೆ ಓಡಲಿ ಅಂತ ಎರಡು ಮೂರು ತುಂಡು ಕೈಯಲ್ಲಿಟ್ಟುಕೊಂಡೇ ಶುರು ಮಾಡುತ್ತದೆ. ಕಟ್ಟುವ ಹೊತ್ತು, ಕಳಿಸುವ ಹೊತ್ತು, ಕೈಯಲ್ಲಿಟ್ಟ ತುಂಡು, ಎಲ್ಲ ಸೇರಿ ಸುಲಭವಾಗಿ 20-30 ಸೆಕೆಂಡು. ಕಿಟಕಿ ಮುಚ್ಚಿಕೊಳ್ಳಿ, ಬೇರೆ ದಾರಿ ಇಲ್ಲ.

ರಿಪೇರಿ_ಬೆಂಚು

ಗಿರಾಕಿ ಅವರೇ, ಎಲ್ಲಿ ಹೋದಿರಿ? ಮೊದಲು ಸರಿ ಇದ್ದದ್ದು ಈಗ ಎಲ್3 ಆಗಿದೆ ಅಂದರೆ ಮಧ್ಯೆ ಏನೋ ಆಗಿದೆ. ಬೂಟ್‌ಲೋಡರ್, ಅಂದರೆ ಫೋನ್ ಆನ್ ಆಗುವಾಗ ಕಂಪನಿಯ ಸಾಫ್ಟ್‌ವೇರೇ ಇದೆಯಾ ಅಂತ ನೋಡುವ ಕಾವಲುಗಾರ, ಅದರ ಲಾಕ್ ತೆಗೆದಿದ್ದಿರಾ? ಕಸ್ಟಮ್ ರೋಮ್, ಅಂದರೆ ಕಂಪನಿಯದ್ದಲ್ಲದ ಸಾಫ್ಟ್‌ವೇರ್, ಏನಾದರೂ ಹಾಕಿದ್ದಿರಾ?

ಗಿರಿನಗರ_ಗಿರಾಕಿ

ನನಗೆ ಅದೆಲ್ಲ ಬರಲ್ಲ. ಆದರೆ... ಹೋದ ವರ್ಷ ಮಳೆಯಲ್ಲಿ ಫೋನ್ ನೆನೆದು ಸತ್ತಿತ್ತು. ಸರ್ವಿಸ್ ಸೆಂಟರಲ್ಲಿ ಒಳಗಿನ ಮುಖ್ಯ ಬೋರ್ಡಿಗೆ ಹೇಳಿದ ಬೆಲೆಗೆ ಹೊಸ ಫೋನೇ ಬರುತ್ತಿತ್ತು. ಎಸ್‌ಪಿ ರೋಡ್ ಕಡೆ ಒಂದು ಅಂಗಡಿಯಲ್ಲಿ ಅರ್ಧಕ್ಕಿಂತ ಕಡಿಮೆಗೆ ಬೋರ್ಡ್ ಬದಲಾಯಿಸಿಕೊಟ್ಟರು. ಆಮೇಲೆ ಅಪ್ಪನಿಗೆ ಕೊಟ್ಟೆ, ನಾನು ಅದರಲ್ಲಿ ಸಿನಿಮಾ ನೋಡಿಯೇ ಇಲ್ಲ.

ಇನ್ನೊಂದು. ಈ ಒಟಿಟಿ ಆಪ್ ಅಪ್ಪನ ಪ್ಲೇ ಸ್ಟೋರಲ್ಲಿ ಹುಡುಕಿದರೆ ಸಿಗಲೇ ಇಲ್ಲ. ತಂಗಿ ಎಲ್ಲಿಂದಲೋ ಎಪಿಕೆ, ಅಂದರೆ ಆಪ್‌ನ ಫೈಲ್, ತಂದು ಹಾಕಿಕೊಟ್ಟಳು.

ರಿಪೇರಿ_ಬೆಂಚು

ಅಯ್ಯೋ ಅಣ್ಣ, ಮುಕ್ಕಾಲು ಕಥೆ ಜೇಬಲ್ಲಿಟ್ಟುಕೊಂಡು ಕೂತಿದ್ದೀರಲ್ಲ!

ಫೋನ್ ಆಫ್ ಮಾಡಿ ಆನ್ ಮಾಡಿ. ಮೊದಲ ಪರದೆಯಲ್ಲಿ ತೆರೆದ ಬೀಗದ ಚಿತ್ರ, ಇಲ್ಲವೇ ಬೂಟ್‌ಲೋಡರ್ ಅನ್‌ಲಾಕ್ ಆಗಿದೆ ಅನ್ನುವ ಎಚ್ಚರಿಕೆ ಬರುತ್ತಾ ನೋಡಿ. ಪ್ಲೇ ಸ್ಟೋರ್ ಸೆಟ್ಟಿಂಗ್ಸಲ್ಲಿ ಅಬೌಟ್ ಒಳಗೆ ಪ್ಲೇ ಪ್ರೊಟೆಕ್ಟ್ ಸರ್ಟಿಫಿಕೇಷನ್ ಅಂತ ಸಾಲಿದೆ, ಅದನ್ನೂ ನೋಡಿ.

ಗಿರಿನಗರ_ಗಿರಾಕಿ

ಮೇಲ್ಗಡೆ ಸಣ್ಣ ಬೀಗ, ಬಾಯಿ ತೆರೆದಿದೆ. ಅಪ್ಪನನ್ನು ಕೇಳಿದರೆ "ಅದು ಮೊದಲಿಂದಲೂ ಬರುತ್ತೆ, ಚೆನ್ನಾಗಿದೆ ಅಂತ ಸುಮ್ಮನಿದ್ದೆ" ಅಂದರು. ಪ್ಲೇ ಸ್ಟೋರಲ್ಲಿ ಸರ್ಟಿಫೈಡ್ ಅಲ್ಲ ಅಂತ ಬರೆದಿದೆ.

ರಿಪೇರಿ_ಬೆಂಚು

ಸಿಕ್ಕಿತು. ಬೇರೆ ಫೋನಿಂದ ಕಿತ್ತ ಬೋರ್ಡು, ಬೂಟ್‌ಲೋಡರ್ ಲಾಕ್ ತೆಗೆದು ಸಾಫ್ಟ್‌ವೇರ್ ತುಂಬಿದ್ದಾರೆ. ನಾನೂ ಈ ಕೆಲಸದವನೇ, ಹಾಗಾಗಿ ಅಂಗಡಿಯವರನ್ನು ಪೂರ್ತಿ ಬೈಯಲು ಬಾಯಿ ಬರುವುದಿಲ್ಲ. ಆ ಬೆಲೆಗೆ ಹೊಸ ಬೋರ್ಡ್ ಯಾರೂ ಹಾಕುವುದಿಲ್ಲ. ಆದರೆ ಹೇಳಬೇಕಿತ್ತು.

ಬೂಟ್‌ಲೋಡರ್ ತೆರೆದರೆ ಒಳಗೆ ಓಡುವುದು ಕಂಪನಿಯ ಅಸಲಿ ಸಾಫ್ಟ್‌ವೇರೇ ಅನ್ನುವ ಖಾತ್ರಿ ಹೋಗುತ್ತದೆ, ಅದಕ್ಕೇ ಹೆಚ್ಚಿನ ಫೋನುಗಳು ತಾವಾಗಿಯೇ ಎಲ್3ಗೆ ಇಳಿಯುತ್ತವೆ. ಬಹಳ ಫೋನುಗಳಲ್ಲಿ ಮತ್ತೆ ಲಾಕ್ ಮಾಡಿದರೆ ಎಲ್1 ವಾಪಸ್ ಬರುತ್ತದೆ. ಎಲ್ಲದರಲ್ಲೂ ಅಲ್ಲ. ಹಳೆಯ ಸೋನಿ ಎಕ್ಸ್‌ಪೀರಿಯಾದಲ್ಲಿ ಒಮ್ಮೆ ತೆರೆದರೆ ಕೀಲಿ ಅಳಿಸಿಯೇ ಹೋಗುತ್ತಿತ್ತು. ಸ್ಯಾಮ್‌ಸಂಗ್‌ನ ಭದ್ರತಾ ವ್ಯವಸ್ಥೆ ನಾಕ್ಸ್‌ನಲ್ಲಿ ಚಿಪ್ಪೊಳಗೆ ಒಂದು ಫ್ಯೂಸ್ ಸುಟ್ಟುಹೋಗುತ್ತದೆ, ಆಮೇಲೆ ಏನು ಮಾಡಿದರೂ ಆ ಫ್ಯೂಸ್ ಮೊದಲಿನಂತೆ ಆಗುವುದಿಲ್ಲ.

ಗಿರಿನಗರ_ಗಿರಾಕಿ

ಸರಿ, ಲಾಕ್ ಮಾಡುವುದು ಹೇಗೆ ಹೇಳಿ. ಈಗಲೇ ಮಾಡುತ್ತೇನೆ.

ರಿಪೇರಿ_ಬೆಂಚು

ಕೈ ಕಟ್ಟಿ ಕೂತುಕೊಳ್ಳಿ! ಮಾಡಬೇಡಿ. ಬೋರ್ಡ್ ಒಂದು ದೇಶದ್ದು, ತುಂಬಿದ ಸಾಫ್ಟ್‌ವೇರ್ ಇನ್ನೊಂದು ದೇಶದ್ದು ಆಗಿದ್ದರೆ ಲಾಕ್ ಮಾಡಿದ ಮರುಕ್ಷಣ ಫೋನ್ ಆನ್ ಆಗದೆ ಬರೀ ಇಟ್ಟಿಗೆ ಆಗಬಹುದು. ಆಗದಿದ್ದರೂ ಒಳಗಿನದ್ದೆಲ್ಲ ಅಳಿಸಿಹೋಗುತ್ತದೆ. ಮೊದಲು ಬೋರ್ಡಿನ ಮೂಲ ಮಾಡೆಲ್ ಯಾವುದು ಅಂತ ಗೊತ್ತಾಗಬೇಕು. ಆ ಅಂಗಡಿಯವರಿಗೇ ಅದು ಗೊತ್ತು.

ಕಡ್ಲೆಕಾಯಿ_ಪರಿಷೆ

ನಾನು ಬೇರೆ ಮಾತು ಕೇಳುತ್ತೇನೆ. ಸಿನಿಮಾ ಹಾಳಾಗಿ ಹೋಗಲಿ. ಆ ಫೋನಲ್ಲಿ ಅಪ್ಪ ಯುಪಿಐ, ಬ್ಯಾಂಕ್ ಆಪ್ ಇಟ್ಟಿದ್ದಾರಾ?

ಗಿರಿನಗರ_ಗಿರಾಕಿ

ಇಟ್ಟಿದ್ದಾರೆ. ಪಿಂಚಣಿ ಬರುವ ಖಾತೆಯೇ. ಒಂದು ಬ್ಯಾಂಕ್ ಆಪ್ ತೆರೆಯಲೇ ಇಲ್ಲ, ಅದಕ್ಕೆ ಇನ್ನೊಂದು ಬ್ಯಾಂಕಿನದ್ದು ಹಾಕಿಕೊಟ್ಟಿದ್ದೆ.

ಕಡ್ಲೆಕಾಯಿ_ಪರಿಷೆ

ತೆರೆಯದ ಆಪ್ ನಿಮಗೆ ಬುದ್ಧಿ ಹೇಳಿತ್ತು ಕಣ್ರೀ. ಯಾರೋ ಬಿಚ್ಚಿ ತುಂಬಿದ ಸಾಫ್ಟ್‌ವೇರ್, ಒಳಗೆ ಏನಿದೆ ಅಂತ ನಮಗ್ಯಾರಿಗೂ ಗೊತ್ತಿಲ್ಲ. ಏನೂ ಇಲ್ಲದೆಯೂ ಇರಬಹುದು. ಆದರೆ ಪಿಂಚಣಿ ದುಡ್ಡಿಟ್ಟು ಅದನ್ನು ಪರೀಕ್ಷೆ ಮಾಡುತ್ತೀರಾ? ಇವತ್ತೇ ಸಿಮ್ ತೆಗೆಯಿರಿ.

ಫಿಲ್ಟರ್_ಕಾಫಿ_ಬೈಟು

ಮಸುಕು ಗಡ್ಡದಿಂದ ಶುರುವಾಗಿ ಎಲ್ಲಿಗೆ ಬಂತು ನೋಡಿ.

ಈ ಕಡೆ ನನ್ನ ಎರಡು ಕಾಸು. 480ಪಿ ಅಂದರೆ ಸುಮಾರು 4.1 ಲಕ್ಷ ಪಿಕ್ಸೆಲ್, 1080ಪಿ ಅಂದರೆ 20.7 ಲಕ್ಷ. ಐದು ಪಟ್ಟು. ಸಿನಿಮಾಸ್ಕೋಪ್ ಅಗಲದ ಚಿತ್ರ ಆದರೆ ಮೇಲೆ ಕೆಳಗೆ ಕಪ್ಪು ಪಟ್ಟಿ ಹೋಗಿ 480ರಲ್ಲಿ ಉಳಿಯುವುದು 357 ಸಾಲು ಅಷ್ಟೇ. ಅಪ್ಪನ ಕಣ್ಣಿನ ತಪ್ಪಲ್ಲ ಅದು, ಅವರಿಗೆ ಹೇಳಿಬಿಡಿ ಪಾಪ. ಹಾಗಂತ ಪಿಕ್ಸೆಲ್ ಒಂದೇ ನೋಡಬೇಡಿ. ಬಿಟ್‌ರೇಟ್, ಅಂದರೆ ಸೆಕೆಂಡಿಗೆ ಬರುವ ಡೇಟಾ, ಕಡಿಮೆ ಇದ್ದರೆ 1080ಪಿ ಕೂಡ ಕೆಸರು. ಮಳೆ, ಹೊಗೆ, ಕಾಡಿನ ಎಲೆ ಬಂದಾಗ ಗೊತ್ತಾಗುತ್ತದೆ.

ನಮ್ಮ ಅಜ್ಜಿಗೆ ಮಾತ್ರ ಇದ್ಯಾವುದೂ ಬೇಡ. ಧಾರಾವಾಹಿಯನ್ನು ಡೇಟಾ ಸೇವರಲ್ಲೇ ನೋಡುತ್ತಾರೆ. ದಿನಕ್ಕೆ ಒಂದೂವರೆ ಜಿಬಿ ಪ್ಯಾಕು, ಎಚ್‌ಡಿ ಆದರೆ ಗಂಟೆಗೆ 3 ಜಿಬಿ ತನಕ ಕುಡಿಯುತ್ತದೆ, ಅರ್ಧ ಗಂಟೆಗೇ ಪ್ಯಾಕ್ ಖಾಲಿ. ಅತ್ತೆ ಸೊಸೆ ಮಾತು ಕೇಳಿಸಿದರೆ ಸಾಕು ಅವರಿಗೆ.

ಪರ್ಪಲ್_ಲೈನ್_ಪಯಣಿಗ

ಏರೋಪ್ಲೇನ್ ಮೋಡಲ್ಲಿ ನೋಡಿದೆ ಇವತ್ತು. ಸ್ವಲ್ಪ ಬೆಚ್ಚಗೆ ಅಷ್ಟೇ, ಕಾವಲಿ ಅಲ್ಲ. ಬನಶಂಕರಿ ಅವರಿಗೆ ಮುಕ್ಕಾಲು ಅಂಕ, ಕೃಷ್ಣಲೀಲೆ ಅವರಿಗೆ ಕಾಲು.

ಕೋಡೆಕ್_ಕೃಷ್ಣಲೀಲೆ

ಕಾಲಾದರೂ ಸಿಕ್ಕಿತಲ್ಲ. ಡೌನ್‌ಲೋಡ್ ಮಾಡಿದ್ದು ಯಾವ ಕೋಡೆಕ್ ಅಂತ ನೋಡಿದಿರಾ? ಇಲ್ಲ ತಾನೆ? ಮರುಪರೀಕ್ಷೆ ಆಗಬೇಕು.

ಗಿರಿನಗರ_ಗಿರಾಕಿ

ಅಂಗಡಿಗೆ ಹೋಗಿ ಬಂದೆ. "ಫೋನ್ ಆನ್ ಆಗುತ್ತಿದೆಯಲ್ಲ ಸಾರ್, ಕ್ಯಾಮೆರಾ ಓಡುತ್ತಿದೆಯಲ್ಲ" ಅಂದರು. ಬೋರ್ಡ್ ಎಲ್ಲಿಯದು ಅಂದರೆ "ಹೊರಗಡೆ ದೇಶದ್ದು, ಒಳ್ಳೇ ಮಾಲು" ಅಂತ ಹೆಮ್ಮೆಯಿಂದ ಹೇಳಿದರು. ಲಾಕ್ ಮಾಡಿಕೊಡಿ ಅಂದೆ. ಅಷ್ಟರಲ್ಲಿ ಒಳಗೆ ಕೂತಿದ್ದ ಹುಡುಗ ತಲೆ ಎತ್ತಿ ನೋಡಿ ಬೇಡ ಸಾರ್ ಅಂತ ತಲೆ ಆಡಿಸಿದ. ಅವನ ಮೇಲೆ ಮಾತ್ರ ನನಗೆ ಗೌರವ ಬಂತು.

ಸಿಮ್ ತೆಗೆದೆ. ಬ್ಯಾಂಕಿನ ಪಾಸ್‌ವರ್ಡ್, ಯುಪಿಐ ಪಿನ್ ಎಲ್ಲ ಬೇರೆ ಫೋನಿಂದ ಬದಲಾಯಿಸಿದೆ. ಅಪ್ಪನಿಗೆ 11 ಸಾವಿರದ ಹೊಸ ಫೋನ್ ತಂದೆ, ಅಂಗಡಿಯಲ್ಲೇ ಡಿಆರ್‌ಎಂ ಇನ್ಫೋ ಹಾಕಿ ನೋಡಿದೆ. ಮಾರುವ ಹುಡುಗನಿಗೆ ನಾನು ಏನು ಮಾಡುತ್ತಿದ್ದೇನೆ ಅಂತ ಅರ್ಥವಾಗಲಿಲ್ಲ. ಎಲ್1. ಪರದೆ 720 ಸಾಲಿನದ್ದೇ, ಆದರೂ ಹಳೆಯದಕ್ಕಿಂತ ಗಡ್ಡ ಚೆನ್ನಾಗಿ ಕಾಣುತ್ತದೆ. ಹಳೆಯದು ಈಗ ಅಡುಗೆಮನೆಯಲ್ಲಿ ಯೂಟ್ಯೂಬ್ ಹಾಡಿಗೆ ಇದೆ. ರಿಪೇರಿ ಬೆಂಚು ಅವರೇ, ಪರಿಷೆ ಅವರೇ, ನಿಮಗೆ ಒಂದೊಂದು ಮಸಾಲೆ ದೋಸೆ ಬಾಕಿ.

ಹೊಸಬ_ಹೆಸರಘಟ್ಟ

ಈಗಷ್ಟೇ ಓದಿದೆ, ಬಹಳ ಉಪಯೋಗ ಆಯಿತು. ನನ್ನದು ವಿಚಿತ್ರ ಕೇಸು. ಡಿಆರ್‌ಎಂ ಇನ್ಫೋ ಎಲ್1 ಅಂತಲೇ ತೋರಿಸುತ್ತಿದೆ, ಬೂಟ್‌ಲೋಡರ್ ಮುಟ್ಟಿಲ್ಲ, ಬೋರ್ಡ್ ಬದಲಾಯಿಸಿಲ್ಲ, ಹೊಚ್ಚ ಹೊಸ ಫೋನು. ಆದರೂ ನೆಟ್‌ಫ್ಲಿಕ್ಸ್ 480 ಮೇಲೆ ಹೋಗುತ್ತಿಲ್ಲ. ಎಚ್‌ಇವಿಸಿ ತೊಂದರೆ ಇರಬಹುದಾ? ಇಲ್ಲ ಎವಿ1?

ಫಿಲ್ಟರ್_ಕಾಫಿ_ಬೈಟು

ಪ್ಲಾನ್ ಎಷ್ಟರದ್ದು?

ಹೊಸಬ_ಹೆಸರಘಟ್ಟ

149.